ಕರೆಂಟಿಲ್ಲದ ಏಟು

ಚಟ್ ಅಂದಿತು. ನಾನು ಕೈ ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಮೊಣಕೈ ಹೋಗಿ ಗೋಡೆಗೆ ಬಡಿಯಿತು, ಗೋಡೆಯ ಮೇಲಿದ್ದ ಕ್ಯಾಲೆಂಡರ್ ಕೆಳಗೆ ಬಿತ್ತು, ಎರಡೂ ಸ್ಪೀಕರುಗಳು ಒಟ್ಟಿಗೆ ಡಬ್ ಅಂದವು, ನಾನು "ಅವ್ವಾ" ಅಂದೆ. ಅಡುಗೆಮನೆಯಿಂದ ಅವ್ವ, "ಮತ್ತೆ ಹೊಡೀತೇನ್ಲಾ?" ಎಂದು ಕೇಳಿದಳು. ಎದ್ದು ಬರಲಿಲ್ಲ. ಮೊದಮೊದಲು ಸೌಟು ಹಿಡಿದುಕೊಂಡೇ ಓಡಿ ಬರುತ್ತಿದ್ದಳು. ಈಗ ಹಾಲು ಉಕ್ಕಿದರೆ ಓಡುತ್ತಾಳೆ, ಮಗ ಕೂಗಿದರೆ ಕೂತಲ್ಲಿಂದಲೇ ವಿಚಾರಿಸುತ್ತಾಳೆ.

ನನಗೆ ಭಯ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಓದಿದ್ದು ಎಂಟನೇ ಕ್ಲಾಸು, ಅದೂ ಪೂರ್ತಿ ಅಲ್ಲ. ತೋಟದಲ್ಲಿ ಹಾವು ಕಂಡರೆ ನನಗೆ ಏನೂ ಆಗುವುದಿಲ್ಲ. ಅದಕ್ಕೆ ಅದರ ದಾರಿ, ನನಗೆ ನನ್ನ ದಾರಿ. ಕೊಬ್ಬರಿ ಅಟ್ಟದ ಮೇಲೆ ಕತ್ತಲಲ್ಲಿ ಚೇಳು ಇರುತ್ತದೆ ಅಂತ ಗೊತ್ತಿದ್ದೂ ಬರಿಗೈಯಲ್ಲಿ ಕಾಯಿ ಆಡಿಸುತ್ತೇನೆ. ಆದರೆ ನಮ್ಮ ನಡುಮನೆಯಲ್ಲಿ ಇಟ್ಟಿರುವ ಆ ಆಂಪ್ಲಿಫೈಯರಿನ ಸೌಂಡ್ ಜಾಸ್ತಿ ಮಾಡುವ ತಿರುಪು ಇದೆಯಲ್ಲ, ಬೆಳ್ಳಿಯ ಹಾಗೆ ಹೊಳೆಯುವ ಆ ಗುಂಡನೆಯ ತಿರುಪು, ಅದರ ಮುಂದೆ ನಿಂತರೆ ನನ್ನ ಅಂಗೈ ಬೆವರುತ್ತದೆ. ಮುಟ್ಟಿದರೆ ಬೀಳುವ ಏಟು ದೊಡ್ಡದೇನಲ್ಲ. ಸೊಳ್ಳೆಗಿಂತ ಜಾಸ್ತಿ, ಇರುವೆಗಿಂತ ಜಾಸ್ತಿ, ಜೇನುನೊಣಕ್ಕಿಂತ ಕಮ್ಮಿ. ತೊಂದರೆ ಇರುವುದು ಏಟಿನಲ್ಲಿ ಅಲ್ಲ, ಅದಕ್ಕೆ ಮುಂಚಿನ ಆ ಒಂದು ಗಳಿಗೆಯಲ್ಲಿ. ಸ್ಕೂಲಿನಲ್ಲಿ ಮೇಷ್ಟ್ರು ಕೋಲು ಎತ್ತಿ, ಹೊಡೆಯದೆ, ಕಿಟಕಿಯ ಆಚೆ ಹೋಗುತ್ತಿದ್ದವರ ಜೊತೆ ಮಾತಾಡುತ್ತಾ ನಿಲ್ಲುತ್ತಿದ್ದರು. ಚಾಚಿದ ಕೈ ಚಾಚಿಕೊಂಡೇ ಇರಬೇಕು. ಈ ತಿರುಪೂ ಹಾಗೆಯೇ. ಒಂದೊಂದು ದಿನ ಹೊಡೆಯುವುದೇ ಇಲ್ಲ. ಹೊಡೆಯದ ದಿನ ಇನ್ನೂ ಭಯ.

ಸೆಟ್ಟು ಹೊಸದಲ್ಲ. ಅರಸೀಕೆರೆಯಲ್ಲಿ ರೇಡಿಯೋ ರಿಪೇರಿ ಮಾಡುವವನೊಬ್ಬ ಅಂಗಡಿ ಮುಚ್ಚುವಾಗ ಅವನಿಂದ ಕೊಂಡು ತಂದದ್ದು. ಕಬ್ಬಿಣದ ಮೈ, ಮುಂದುಗಡೆ ಅಲ್ಯೂಮಿನಿಯಂ ಹಾಳೆ, ಆಳೆತ್ತರಕ್ಕೆ ಸ್ವಲ್ಪ ಕಮ್ಮಿ ಇರುವ ಎರಡು ಸ್ಪೀಕರು. ದಿನವೆಲ್ಲಾ ತೆಂಗಿನಕಾಯಿ ಸುಲಿದು ಬಂದು ಸಂಜೆ ಒಂದು ಹಾಡು ಹಾಕಿಕೊಂಡು ಕಾಲು ಚಾಚಿ ಕೂತರೆ ನನಗೆ ಬೇರೆ ಏನೂ ಬೇಕಾಗಿರಲಿಲ್ಲ. ಮಳೆಗಾಲವೆಲ್ಲ ಅದು ಸಾಧುವಾಗಿಯೇ ಇತ್ತು. ಸಂಕ್ರಾಂತಿ ಹತ್ತಿರ ಬಂದು, ನಮ್ಮ ಕಡೆಯ ಒಣಗಾಳಿ ಬೀಸಲು ಶುರುವಾಗಿ, ತುಟಿ ಒಡೆಯುವ ಕಾಲ ಬಂತು ನೋಡಿ, ಆಗ ಅದಕ್ಕೆ ಹಲ್ಲು ಹುಟ್ಟಿತು.

ಇಲ್ಲಿ ಅವ್ವನ ವಿಚಾರ ಹೇಳಬೇಕು. ನಮ್ಮ ಮನೆಯಲ್ಲಿ ಬೆತ್ತಲೆ ಇರುವ ಸಾಮಾನು ಒಂದೂ ಇಲ್ಲ. ಟಿವಿಗೆ ಬಟ್ಟೆ, ಮಿಕ್ಸಿಗೆ ಬಟ್ಟೆ, ಹೊಲಿಗೆ ಮಿಷನ್ನಿಗೆ ಬಟ್ಟೆ, ಗ್ಯಾಸ್ ಸಿಲಿಂಡರಿಗೆ ಲಂಗ. ಎಲ್ಲಾ ಹಳೆಯ ಸೀರೆಯವು, ಜಾರುವ ಪಾಲಿಯೆಸ್ಟರ್ ಸೀರೆ, ಅಂಚಿಗೆ ಜರಿ. ಸೆಟ್ಟು ಬಂದ ಮಾರನೇ ದಿನವೇ ಅದಕ್ಕೂ ಒಂದು ಹೊಲಿದಳು. "ಧೂಳು ಕೂತ್ರೆ ಕೆಟ್ಟೋಯ್ತದೆ" ಎಂದಳು. ಅಷ್ಟು ಸಾಲದೆ ಸಂತೆಯಿಂದ ಒಂದು ನೈಲಾನ್ ಕಾರ್ಪೆಟ್ ತಂದು ನಡುಮನೆಗೆ ಹಾಸಿದಳು. ಕೆಂಪು ಬಣ್ಣ, ಮಧ್ಯೆ ನವಿಲು. ಅದರ ಮೇಲೆ ಕಾಲು ಎಳೆಯುತ್ತಾ ನಡೆದು, ಆ ಸೀರೆಯ ಕವರನ್ನು ಸರ್ರನೆ ಕಿತ್ತು, ತಿರುಪು ಮುಟ್ಟಿದರೆ ಸಾಕು, ಚಟ್. ಇದೆಲ್ಲಾ ನನಗೆ ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಆಗ ನಮ್ಮ ಮನೆಯಲ್ಲಿ ಮೂರು ಅಭಿಪ್ರಾಯ ಇದ್ದವು. ನಾನು ಸೆಟ್ಟು ಕೆಟ್ಟಿದೆ ಅಂದೆ. ಅಪ್ಪ ಮನೆಯ ವೈರಿಂಗ್ ಕೆಟ್ಟಿದೆ ಅಂದ. ಅವ್ವ, ಅಂಗಡಿ ಮುಚ್ಚಿದವನ ಸಂಕಟ ಅದರೊಳಗೆ ಕೂತಿದೆ ಅಂದಳು.

ವೈರಿಂಗ್ ಕೆಲಸ ಮಾಡುವ ಮಂಜ ನನ್ನ ಸ್ನೇಹಿತ. ಅವನನ್ನು ಕರೆಸಿದೆವು. ಟೆಸ್ಟರ್ ತಂದು ಸೆಟ್ಟಿನ ಮೈಯೆಲ್ಲಾ ಮುಟ್ಟಿಸಿ ನೋಡಿದ. ಟೆಸ್ಟರಿನ ದೀಪ ಹತ್ತಲಿಲ್ಲ.

"ಕರೆಂಟೇ ಇಲ್ಲ ಕಣ್ಲಾ ಇದ್ರಲ್ಲಿ" ಅಂದ.

"ಮತ್ತೆ ಹೊಡೆಯೋದು ಏನ್ಲಾ?"

"ಅದೇ ನಂಗೂ ಗೊತ್ತಾಗ್ತಿಲ್ಲ. ಅರ್ತಿಂಗ್ ಸರಿಯಿಲ್ಲ ಅನ್ಸುತ್ತೆ."

ಕರೆಂಟಿದ್ದು ಹೊಡೆದರೆ ಒಂದು ಸಮಾಧಾನ, ಮೈನ್ ಸ್ವಿಚ್ ತೆಗೆಯಬಹುದು. ಕರೆಂಟಿಲ್ಲದೆ ಹೊಡೆಯುವುದಕ್ಕೆ ಯಾವ ಸ್ವಿಚ್ ತೆಗೆಯುವುದು? ಅವತ್ತಿನಿಂದ ನನ್ನ ಭಯ ಎರಡರಷ್ಟಾಯಿತು. ಮಂಜ ಹೇಳಿದ ಹಾಗೆ ಮನೆಯ ಹಿಂದೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಕಬ್ಬಿಣದ ಪೈಪು ಹೂತು, ತಂತಿ ಎಳೆದೆವು. ಅರ್ತಿಂಗ್ ಗುಂಡಿ ಒಣಗಬಾರದು ಅಂದಿದ್ದಕ್ಕೆ ಅಪ್ಪ ದಿನಾ ಬೆಳಗ್ಗೆ ಒಂದು ಬಿಂದಿಗೆ ನೀರು ಹಾಕಲು ಶುರು ಮಾಡಿದ. ತುಳಸಿಗೆ ಒಂದು ಚೊಂಬು, ಅದಕ್ಕೆ ಒಂದು ಬಿಂದಿಗೆ. ಪೈಪಿನ ಪಕ್ಕದಲ್ಲಿ ಈಗ ಒಂದು ಪರಂಗಿ ಗಿಡ ಚೆನ್ನಾಗಿ ಬಂದಿದೆ. ಏಟು ಮಾತ್ರ ನಿಲ್ಲಲಿಲ್ಲ.

ಇಷ್ಟೇ ಆಗಿದ್ದರೆ ಸೆಟ್ಟು ಮಾರಿ ಸುಮ್ಮನಾಗುತ್ತಿದ್ದೆ. ಅಷ್ಟರಲ್ಲಿ ನನಗೆ ಹೆಣ್ಣು ಗೊತ್ತಾಗುವ ಹಾಗೆ ಆಯಿತು.

ನಮ್ಮ ಕಡೆಯ ಸ್ಥಿತಿ ನಿಮಗೆ ಗೊತ್ತಿರಬಹುದು. ತೋಟ ಇದೆ, ಮನೆ ಇದೆ, ಕುಡಿಯುವುದಿಲ್ಲ ಅಂದರೂ ಹೆಣ್ಣು ಕೊಡುವವರು ಕೇಳುವುದು ಒಂದೇ, "ಹುಡ್ಗ ಏನ್ ಕೆಲ್ಸದಲ್ಲವ್ನೆ?" ತೆಂಗಿನಕಾಯಿ ಸುಲಿಯುತ್ತಾನೆ ಅಂದರೆ ಕಾಫಿ ಕುಡಿದು ಎದ್ದು ಹೋಗುತ್ತಾರೆ. ಹೀಗೆ ಎಷ್ಟೋ ಮನೆಯವರು ಎದ್ದು ಹೋದ ಮೇಲೆ ಹಳೇಬೀಡು ಪಕ್ಕದ ಬಸ್ತಿಹಳ್ಳಿಯ ರೂಪ ಎಂಬ ಹುಡುಗಿಯನ್ನು ನೋಡಲು ಹೋದೆವು. ಅವಳಿಗೆ ಅಪ್ಪ ಇಲ್ಲ, ದೊಡ್ಡಪ್ಪನೇ ಎಲ್ಲ. ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಅಂತ ನಮ್ಮಿಬ್ಬರನ್ನು ಹಿತ್ತಲಿಗೆ ಕಳಿಸಿದರು. ನಾನು ಹೇಳಬೇಕಾದದ್ದನ್ನು ಹೇಳಿದೆ, "ನಾನು ಎಂಟನೇ ಕ್ಲಾಸೂ ಮುಗಿಸಿಲ್ಲ."

"ನಾನು ಡಿಗ್ರಿ ಮುಗಿಸಿಲ್ಲ. ಇಬ್ರೂ ಅರ್ಧಂಬರ್ಧವೇ ಬಿಡಿ" ಎಂದಳು.

ಅಲ್ಲಿಗೆ ನನ್ನ ಕಡೆಯಿಂದ ಮದುವೆ ಆಗಿಹೋಯಿತು. ಆದರೆ ಮನೆ ನೋಡುವ ಶಾಸ್ತ್ರ ಬಾಕಿ ಇತ್ತು. ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಬಂದು, ಕೂತು, ಅಡುಗೆಮನೆ ಇಣುಕಿ, ಬಚ್ಚಲು ನೋಡಿ, ಒಪ್ಪಿಗೆ ಹೇಳಬೇಕು. ಅಲ್ಲಿವರೆಗೆ ಏನೂ ಇಲ್ಲ. ಹೊರಡುವಾಗ ಅವರ ದೊಡ್ಡಪ್ಪ ಮೀಸೆ ನೀವಿಕೊಳ್ಳುತ್ತಾ, "ನಿಮ್ಮನೇಲಿ ಭಾರಿ ಸೆಟ್ಟೈತಂತೆ. ಬಂದಾಗ ಒಂದು ಹಾಡು ಕೇಳ್ಸಬೇಕು ಕಣಪ್ಪ" ಅಂದರು. ನನ್ನ ಅಪ್ಪ ಖುಷಿಯಿಂದ "ಅದ್ಕೇನ್ರೀ" ಅಂದ. 

ಅವತ್ತಿನಿಂದ ನಿದ್ದೆ ಕೆಟ್ಟಿತು. ಹೊಡೆಯುವುದು ನನಗೋ, ಇಲ್ಲ ಅವರಿಗೋ ಎಂಬುದೇ ಚಿಂತೆ. ಅವರ ಮುಂದೆ ನಾನು "ಅವ್ವಾ" ಎಂದು ಕಿರುಚಿದರೆ ಹೆಣ್ಣು ಹೋಯಿತು. ಅವರೇ ಮುಟ್ಟಿ ಅವರಿಗೇ ಹೊಡೆದರೆ, ಕರೆಂಟ್ ಬಿಟ್ಟು ಸಾಯಿಸಲು ನೋಡಿದರು ಅಂತ ಪೊಲೀಸ್ ಸ್ಟೇಷನ್ನಿಗೇ ಹೋದಾರು. ಸೆಟ್ಟು ಕೆಟ್ಟಿದೆ ಅನ್ನೋಣ ಎಂದೆ. ಅವ್ವ, "ಮನೆ ನೋಡಕ್ ಬರೋ ದಿನ ಕೆಟ್ಟೋಗಿರೋ ಸಾಮಾನು ಮುಂದಿಟ್ರೆ ಅಪಶಕುನ ಕಣೋ" ಎಂದಳು. ಮುಚ್ಚಿಡೋಣ ಎಂದೆ. ಅಷ್ಟು ದೊಡ್ಡದನ್ನು ಎಲ್ಲಿ ಮುಚ್ಚಿಡುವುದು? ಮಂಜನ ಹತ್ತಿರ ಹೋದೆ. ಈ ಮಧ್ಯೆ ಅವನು ಯಾರನ್ನೋ ಕೇಳಿಕೊಂಡು ಬಂದಿದ್ದ.

"ಅದು ಲೈನ್ ಕರೆಂಟಲ್ಲ ಕಣ್ಲಾ. ಒಣಗಾಳಿಗೆ, ನೈಲಾನ್ ಉಜ್ಜಿದ್ದಕ್ಕೆ, ನಿನ್ ಮೈಯಾಗೇ ತುಂಬ್ಕಂಡಿರ್ತದೆ. ಕಬ್ಣ ಮುಟ್ದಾಗ ಹೊರಕ್ಕೆ ಹಾರ್ತದೆ. ಬೇಲೂರ್ ಕಡೆ ಗಾಳಿ ತಂಪು, ಅಲ್ಲಿ ಇಷ್ಟಾಗಲ್ಲ. ನಮ್ ಅರಸೀಕೆರೆ ಗಾಳೀಲೇ ಇದು ಜಾಸ್ತಿ."

"ನನ್ ಮೈಯಾಗಾ?"

"ಹೂಂ ಮತ್ತೆ. ಪೆಟ್ರೋಲ್ ಟ್ಯಾಂಕರ್ ನೋಡಿಲ್ವಾ? ಹಿಂದ್ಗಡೆ ಚೈನು ನೇತಾಕಿರ್ತಾರೆ, ನೆಲಕ್ಕೆ ತಾಗೋ ಹಂಗೆ. ಯಾಕೆ ಅಂದ್ಕಂಡಿದ್ದೀಯ? ಮೈಯಾಗಿರೋದೆಲ್ಲ ಭೂಮಿಗೆ ಇಳೀಲಿ ಅಂತ."

ಅವನು ಟ್ಯಾಂಕರಿನ ವಿಚಾರ ಹೇಳಿ ಟೀ ಕುಡಿಯಲು ಹೋದ. ನಾನು ಮನೆಗೆ ಬಂದು ಕಾರ್ಪೆಟ್ ಸುತ್ತಿಡೋಣ ಎಂದರೆ, ಬೀಗರು ಬರೋವಾಗ ಬರೀ ನೆಲ ಬೇಡ ಎಂದಳು ಅವ್ವ. ಕೂತು ಯೋಚನೆ ಮಾಡಿದೆ. ಟ್ಯಾಂಕರಿಗೆ ಆಗುವುದು ಮನುಷ್ಯನಿಗೆ ಯಾಕೆ ಆಗಬಾರದು? ನನ್ನ ಸೊಂಟದಲ್ಲಿ ಬೆಳ್ಳಿಯ ಉಡಿದಾರ ಇದೆ, ಮೈಗೆ ಅಂಟಿಕೊಂಡೇ ಇರುತ್ತದೆ. ದನದ ಕೊಟ್ಟಿಗೆಯ ಮೊಳೆಯಲ್ಲಿ, ಸತ್ತುಹೋದ ನಮ್ಮ ನಾಯಿಯ ಚೈನು ನೇತಾಡುತ್ತಿತ್ತು. ಅವರು ಬರುವ ಭಾನುವಾರ ಬಿಳಿ ಪಂಚೆ ಉಟ್ಟು, ಚೈನಿನ ಕೊಂಡಿಯನ್ನು ಉಡಿದಾರಕ್ಕೆ ಸಿಕ್ಕಿಸಿ, ಪಂಚೆಯ ಒಳಗಿನಿಂದ ಕಾಲಿನ ಪಕ್ಕದಲ್ಲಿ ನೆಲಕ್ಕೆ ತಾಗುವ ಹಾಗೆ ಇಳಿಬಿಟ್ಟೆ. ಕನ್ನಡಿ ಮುಂದೆ ನಿಂತು ನೋಡಿಕೊಂಡೆ. ಹೊರಗೆ ಕಾಣುತ್ತಿರಲಿಲ್ಲ. ಸ್ವಲ್ಪ ಕುಂಟುವ ಹಾಗೆ ನಡೆದರೆ ಸದ್ದೂ ಬರುತ್ತಿರಲಿಲ್ಲ.

ಬಂದರು. ದೊಡ್ಡಪ್ಪ, ರೂಪಳ ಸೋದರತ್ತೆ, ಜೊತೆಗೆ ಕಾರಿನ ಡ್ರೈವರ್. ರೂಪ ಬರುವ ಪದ್ಧತಿ ಇಲ್ಲ. ಸೋದರತ್ತೆ ಅರೇಹಳ್ಳಿಗೆ ಕೊಟ್ಟ ಹೆಣ್ಣು, ಕಾಫಿ ತೋಟದವರ ಮನೆ. ಬಾಗಿಲಲ್ಲೇ ನಿಂತು ಗಾಳಿಗೆ ಸೆರಗು ಹಿಡಿದುಕೊಂಡು, "ಏನ್ ಧೂಳಪ್ಪ ನಿಮ್ಮೂರಲ್ಲಿ" ಎಂದರು. ದೊಡ್ಡಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಅದರಲ್ಲೇ ಹಿಂದೆ ಮುಂದೆ ಜರುಗಿ ಸರಿಮಾಡಿಕೊಂಡರು. ಅವರದು ಮಡಿಕೆ ಹಾಳಾಗದ ಟೆರಿಕಾಟ್ ಪಂಚೆ. ಅವ್ವ ಕಾಫಿ ತಂದಳು. ಬಚ್ಚಲು ನೋಡಿದ್ದಾಯಿತು, ಅಡುಗೆಮನೆ ನೋಡಿದ್ದಾಯಿತು, ಸಿಲಿಂಡರಿನ ಲಂಗ ನೋಡಿ ಸೋದರತ್ತೆ ನಕ್ಕಿದ್ದೂ ಆಯಿತು. ಆಮೇಲೆ ದೊಡ್ಡಪ್ಪ, "ಎಲ್ಲಪ್ಪ, ಹಾಕು ನೋಡಣ" ಎಂದರು.

ನಾನು ಎದ್ದೆ. ಕಾರ್ಪೆಟ್ಟಿನ ಮೇಲೆ ಕುಂಟುತ್ತಾ ನಡೆದೆ. ಸೆಟ್ಟಿನ ಹತ್ತಿರ ಹೋಗಿ ಕವರಿಗೆ ಕೈ ಹಾಕಿದೆ. ಆಗ ಕೊಂಡಿ ಕಳಚಿತು. ಚೈನು ಪಂಚೆಯೊಳಗಿನಿಂದ ಝಲ್ ಎಂದು ಸುರಿದು, ಸೋದರತ್ತೆಯ ಕಾಲ ಬಳಿ ಹೋಗಿ ಬಿತ್ತು. ಅವರು "ಅಯ್ಯಮ್ಮಾ ಹಾವು" ಎಂದು ಕಾಲೆತ್ತಿದರು, ಪಕ್ಕದಲ್ಲಿದ್ದ ನೀರಿನ ಚೊಂಬು ಉರುಳಿ ನಾನು ನಿಂತಿದ್ದ ಕಡೆಗೆಲ್ಲಾ ನೀರು ಹರಿಯಿತು. ನವಿಲು ನೆನೆಯಿತು.

 ಸೋದರತ್ತೆ ಬಗ್ಗಿ ನೋಡಿದರು. "ಇದು ನಾಯಿ ಚೈನಲ್ವಾ?" ಎಂದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅವ್ವನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಹುಡುಗನ್ನ ದಿನಾ ಕಟ್ಟಾಕ್ತೀರಾ, ಇಲ್ಲ ಅಮಾಸೆ ಹುಣ್ಣಿಮೇಲಿ ಮಾತ್ರವಾ?"

"ಅಯ್ಯೋ ಇಲ್ಲ ಕಣಕ್ಕಾ, ನಾವ್ಯಾಕೆ ಕಟ್ಟಾಕಣ, ಅವ್ನೇ ಕಟ್ಕಂಡಿರೋದು!" ಎಂದಳು ಅವ್ವ. ಮಗನನ್ನು ಉಳಿಸಲು ಹೇಳಿದ್ದು. ಸೋದರತ್ತೆಯ ಮುಖ ನೋಡಿದೆ. ಕಟ್ಟಿಸಿಕೊಳ್ಳುವ ಹುಚ್ಚನಿಗಿಂತ ತಾನೇ ಕಟ್ಟಿಕೊಳ್ಳುವ ಹುಚ್ಚ ಇನ್ನೂ ಅಪಾಯ ಅಂತ ಅದರಲ್ಲಿ ಬರೆದಿತ್ತು.

ನಾನು ನಿಜ ಹೇಳಿದೆ. ಬೇರೆ ಏನೂ ಹೊಳೆಯಲಿಲ್ಲ. ಒಣಗಾಳಿ, ನೈಲಾನು, ಮೈಯಲ್ಲಿ ತುಂಬಿಕೊಳ್ಳುವುದು, ಟ್ಯಾಂಕರು, ಎಲ್ಲಾ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅನ್ನಿಸಿತು, ಹುಚ್ಚರೂ ಹೀಗೆಯೇ ಮಾತಾಡುತ್ತಾರೆ ಎಂದು. "ನಮ್ಮ ಅರೇಹಳ್ಳೀಲಿ ಇಂಥದ್ದು ಕೇಳೇ ಇಲ್ಲಪ್ಪ" ಎಂದರು ಸೋದರತ್ತೆ.

ದೊಡ್ಡಪ್ಪ ಎದ್ದು ಹೋಗಿ ಸೆಟ್ಟಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕೆಳಗೆ ಹಾಕಿ, ವಾಪಸು ಬಂದು ಕುರ್ಚಿಯಲ್ಲಿ ಕೂತರು. "ಈಗ ಕರೆಂಟ್ ಇಲ್ಲ. ಆದ್ರೂ ಹೊಡೀತದೆ ಅಂತೀಯ?"

"ಹೂಂ."

"ತೋರ್ಸು ಮತ್ತೆ."

ಆ ತಿರುಪು ಹೊಡೆಯಬಾರದು ಅಂತ ದೇವರನ್ನು ಎಷ್ಟೋ ಸಲ ಬೇಡಿಕೊಂಡಿದ್ದೇನೆ. ಅದು ಹೊಡೆಯಲಿ ಅಂತ ಬೇಡಿಕೊಂಡದ್ದು ಅದೇ ಮೊದಲು. ರೂಪಳ ಮುಖ ನೆನಪಾಯಿತು. ಕವರು ತೆಗೆದೆ. ಕಣ್ಣು ಮುಚ್ಚಿ, ಬೆರಳು ಮುಂದಕ್ಕೆ ಚಾಚಿ, ಇಟ್ಟೆ.

ಏನೂ ಆಗಲಿಲ್ಲ.

ಒದ್ದೆ ಕಾರ್ಪೆಟ್ಟಿನ ಮೇಲೆ ನಿಂತಿದ್ದೇನೆ, ಮೈಯಲ್ಲಿ ಇದ್ದದ್ದೆಲ್ಲಾ ನೀರಿಗೆ ಇಳಿದುಹೋಗಿದೆ ಅಂತ ಆಮೇಲೆ ಮಂಜ ಹೇಳಿದ. ಆಗ ನನಗೆ ಅದೆಲ್ಲಾ ಎಲ್ಲಿ ಗೊತ್ತು? ತಿರುಪನ್ನು ಅತ್ತ ತಿರುಗಿಸಿದೆ, ಇತ್ತ ತಿರುಗಿಸಿದೆ, ಅಂಗೈ ಇಟ್ಟು ಸವರಿದೆ. ತಣ್ಣಗಿತ್ತು. ಸೋದರತ್ತೆ ಚೀಲ ಹೆಗಲಿಗೆ ಹಾಕಿಕೊಂಡರು. ಅಪ್ಪ ತಲೆ ಬಗ್ಗಿಸಿದ. ಅವ್ವ ನೆಲ ಒರೆಸುವ ಬಟ್ಟೆ ಹಿಡಿದುಕೊಂಡು ಹಾಗೆಯೇ ಕೂತಿದ್ದಳು.

"ಅಯ್ಯೋ ದೇವ್ರೆ, ಪಾಪ ನಮ್ ಹುಡುಗಿ, ಓದ್ದೋಳು, ಇಂಥ ಮನೆಗೆ..." ಎಂದು ಸೋದರತ್ತೆ ಗಟ್ಟಿಯಾಗಿ ಶುರು ಮಾಡಿದರು. "ತಡಿ ತಾಯಿ" ಎಂದು ದೊಡ್ಡಪ್ಪ ಎದ್ದರು. ಪ್ಲಾಸ್ಟಿಕ್ ಕುರ್ಚಿಯಿಂದ ಪಂಚೆ ಚರಚರ ಎಂದು ಬಿಟ್ಟುಕೊಂಡಿತು. ಮಂಡಿ ನೋವಿನವರು, ಕಾಲೆತ್ತಿ ಇಡುವುದಿಲ್ಲ, ಉಜ್ಜಿಕೊಂಡೇ ನಡೆಯುತ್ತಾರೆ. ಕಾರ್ಪೆಟ್ಟಿನ ನೆನೆಯದ ಕಡೆಯಲ್ಲೇ ಬಂದು ನನ್ನ ಪಕ್ಕ ನಿಂತು, "ಇದ್ರಲ್ಲೇನೈತಪ್ಪ ಹೆದ್ರೋ ಅಂಥದ್ದು" ಎಂದು ತಿರುಪಿನ ಕಡೆಗೆ ದಪ್ಪನೆಯ ತೋರುಬೆರಳು ಚಾಚಿದರು.

ಚಟ್.

ಪ್ಲಗ್ ಇಲ್ಲದ್ದರಿಂದ ಸ್ಪೀಕರು ಡಬ್ ಅನ್ನಲಿಲ್ಲ. ಸೋದರತ್ತೆಯ ಮಾತಿನ ಸದ್ದಿನಲ್ಲಿ ಆ ಚಿಕ್ಕ ಸದ್ದು ಯಾರಿಗೂ ಕೇಳಲಿಲ್ಲ. ನನಗೆ ಕೇಳಿತು. ದೊಡ್ಡಪ್ಪನ ಮೀಸೆ ಒಂದು ಸಲ ಮೇಲಕ್ಕೆ ಹೋಗಿ ಕೆಳಗೆ ಬಂದದ್ದು ಕಂಡಿತು. ಬೆರಳು ಮಡಚಿ ಮುಷ್ಟಿಯೊಳಗೆ ಸೇರಿಕೊಂಡಿತು. ಕಣ್ಣು ದೊಡ್ಡವಾದವು. ಆ ಕಣ್ಣಿನಲ್ಲಿ ಇದ್ದದ್ದನ್ನು ಗುರುತು ಹಿಡಿಯಲು ನನಗಿಂತ ಲಾಯಕ್ಕಾದವನು ಅರಸೀಕೆರೆ ತಾಲ್ಲೂಕಿನಲ್ಲೇ ಇರಲಿಲ್ಲ.

"ಏನಾಯ್ತು ಅಣ್ಣಯ್ಯ?" ಸೋದರತ್ತೆ ಕೇಳಿದರು.

"ಏನಿಲ್ಲ" ಎಂದರು ದೊಡ್ಡಪ್ಪ. ದನಿ ಸ್ವಲ್ಪ ಸಣ್ಣದಾಗಿ ಬಂತು. ಕೆಮ್ಮಿ ಮತ್ತೆ ಹೇಳಿದರು, "ಏನಿಲ್ಲ ಕಣವ್ವ."

ನನ್ನ ನಾಲಿಗೆಯ ತುದಿಗೆ ಬಂದಿತ್ತು, "ಹೊಡೀತಲ್ವಾ!" ಎಂದು. ಮನಸ್ಸಿಗೆ ಬಂದದ್ದನ್ನು ಬಾಯಿಯಲ್ಲಿ ಇಟ್ಟುಕೊಂಡು ನನಗೆ ಅಭ್ಯಾಸವಿಲ್ಲ. ಅಟ್ಟದ ಮೇಲಿನ ಕಾಯಿ ಕೊಳೆತಿದ್ದರೆ ಕೊಳ್ಳುವವನಿಗೇ ಹೇಳಿ ಅಪ್ಪನ ಕೈಯಲ್ಲಿ ಬೈಸಿಕೊಳ್ಳುವವನು ನಾನು. ಒಂದು ಮಾತು ಹೇಳಿದ್ದರೆ ನಾನು ಹುಚ್ಚನಲ್ಲ ಅಂತ ಅಲ್ಲೇ ಸಾಬೀತಾಗುತ್ತಿತ್ತು. ಆದರೆ ಅವರು ನನ್ನನ್ನೇ ನೋಡುತ್ತಿದ್ದರು. ತಂಗಿಯ ಮುಂದೆ, ಬೀಗರಾಗುವವರ ಮುಂದೆ, ಡ್ರೈವರನ ಮುಂದೆ, ಅಷ್ಟು ದೊಡ್ಡ ಮೀಸೆಯವರು ಒಂದು ತಿರುಪಿಗೆ ಹೆದರಿದರು ಅನ್ನಿಸಿಕೊಳ್ಳುವುದು ಹೇಗೆ? ನಾನು ಬಾಯಿ ಮುಚ್ಚಿಕೊಂಡೆ. ಬಗ್ಗಿ ಚೈನು ಎತ್ತಿಕೊಂಡೆ.

ದೊಡ್ಡಪ್ಪ ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತರು. "ಆದ್ರೂ ಹುಡ್ಗ ಹೇಳೋದ್ರಲ್ಲಿ ತಪ್ಪೇನಿಲ್ಲ ಬಿಡು. ಕರೆಂಟಿನ ಸಾಮಾನು, ಹುಷಾರಾಗಿರೋದು ಒಳ್ಳೇದೇಯ" ಎಂದರು. ಸೋದರತ್ತೆ ಅವರ ಮುಖ ನೋಡಿದರು. "ಅಲ್ಲ ಅಣ್ಣಯ್ಯ, ಚೈನು?" "ಇರ್ಲಿ ಬಿಡವ್ವ. ಟ್ಯಾಂಕರ್‌ಗೂ ಹಾಕ್ತಾರಲ್ಲ." ಅವ್ವ ಇನ್ನೊಂದು ಲೋಟ ಕಾಫಿ ಕೊಡಲು ಬಂದಾಗ ಸ್ಟೀಲ್ ಲೋಟವನ್ನು ಅವರು ಕೈಗೆ ತೆಗೆದುಕೊಳ್ಳಲಿಲ್ಲ. "ಅಲ್ಲಿಡಮ್ಮ, ಕೆಳಗಿಡು" ಎಂದರು. ಅದು ತಣ್ಣಗಾಗುವವರೆಗೂ ಅದನ್ನೇ ನೋಡುತ್ತಾ ಕೂತು, ಕೊನೆಗೆ ಹೆಗಲ ಮೇಲಿನ ಟವಲಿನಲ್ಲಿ ಹಿಡಿದುಕೊಂಡು ಕುಡಿದರು.

ಹೊರಡುವಾಗ ಕಾರಿನ ಹತ್ತಿರ ಹೋಗಿ ನಿಂತುಬಿಟ್ಟರು. ಸೋದರತ್ತೆ ಆ ಕಡೆಯಿಂದ ಹತ್ತಿ ಕೂತಿದ್ದಾಯಿತು. ಇವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾರಿನ ಬಾಗಿಲನ್ನು ನೋಡುತ್ತಿದ್ದರು. "ನೀನು ತೆಗಿಯಪ್ಪ" ಎಂದರು. ನಾನು ಹಿಡಿಕೆಗೆ ಕೈ ಹಾಕಿದೆ. ದಾರಿಯುದ್ದಕ್ಕೂ ಒಣಗಾಳಿಯಲ್ಲಿ ಓಡಿ ಬಂದ ಕಾರೋ, ಕಾರ್ಪೆಟ್ಟಿನ ಮೇಲೆ ನಡೆದು ಬಂದ ನಾನೋ, ಯಾರಲ್ಲಿ ತುಂಬಿಕೊಂಡಿತ್ತೋ ಕಾಣೆ. ಹೊಡೆಯಿತು. ಮೊಣಕೈವರೆಗೂ ಹೊಡೆಯಿತು. ಗಂಟಲಿನವರೆಗೆ ಬಂದ "ಅವ್ವಾ" ಎಂಬುದನ್ನು ನುಂಗಿದೆ. ಕಣ್ಣಲ್ಲಿ ನೀರು ಬಂತು.

ದೊಡ್ಡಪ್ಪ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಹೊಡೀತೇನಪ್ಪ?"

"ಏನಿಲ್ಲ" ಎಂದೆ.

"ಭೇಷ್" ಎಂದು ಬೆನ್ನು ತಟ್ಟಲು ಕೈ ಎತ್ತಿದವರು, ಏನೋ ನೆನಪಾಗಿ ಕೈ ವಾಪಸು ತೆಗೆದುಕೊಂಡರು.

ಮಾರನೇ ದಿನ ಒಪ್ಪಿಗೆ ಎಂದು ಹೇಳಿ ಕಳಿಸಿದರು. ಅಪ್ಪ ಸಂತೋಷಕ್ಕೆ ಅರ್ತಿಂಗ್ ಗುಂಡಿಗೆ ಎರಡು ಬಿಂದಿಗೆ ನೀರು ಹಾಕಿದ. ಸಂಜೆ ರೂಪಳೇ ಫೋನ್ ಮಾಡಿದಳು.

"ಏನ್ರೀ ಮಾಡಿದ್ರಿ? ದೊಡ್ಡಪ್ಪ ಊರೆಲ್ಲ ಹೇಳ್ಕೊಂಡು ಬರ್ತಾವ್ರೆ. ಅಂಥ ಗಟ್ಟಿ ಹುಡುಗನ್ನ ನಾನು ನೋಡೇ ಇಲ್ಲ, ಮೈ ಮೇಲೆ ಸಿಡ್ಲು ಬಿದ್ರೂ ಅಲುಗಲ್ಲ ಅಂತಾರೆ. ಹೌದಾ?"

ನಾನು ಮೊಣಕೈ ಉಜ್ಜಿಕೊಂಡೆ.

"ನಂಗೆ ಅದೇ ಬೇಕಾಗಿತ್ತು ಕಣ್ರೀ. ಮಾತ್ಮಾತಿಗೂ ಬೆಚ್ಚಿ ಬೀಳೋ ಗಂಡಸ್ರನ್ನ ಕಂಡ್ರೆ ನಂಗಾಗಲ್ಲ. ಹಲೋ? ಯಾಕೆ ಮಾತಾಡ್ತಿಲ್ಲ? ಏನಾಯ್ತು?"

"ಏನಿಲ್ಲ" ಎಂದೆ.

ಮದುವೆ ಗೊತ್ತಾಗಿದೆ. ಇನ್ನು ಸಾಯುವವರೆಗೂ ಧೈರ್ಯವಂತನಾಗಿ ಇರಬೇಕು. ಇದನ್ನು ಬಸ್ತಿಹಳ್ಳಿ ಕಡೆ ಯಾರೂ ಓದಿ ಹೇಳಬೇಡಿ. ನಾನು ಹೇಳುವುದು ಇಷ್ಟೇ, ಇನ್ನೇನೂ ಇಲ್ಲ.